ಶುಕ್ರವಾರ ಹನ್ನೆರಡರೊಳಗೆ

ಆರ್‌ಬ್ರೋತ್ ಬಂದರಿನ ಮೇಲುಗಡೆ, ಮೂರು ಕೋಣೆಯ ಆ ಮನೆಗೆ
ಸರ್ವೇಯರು ಕಟ್ಟಿದ ಬೆಲೆ
ಒಂದು ಲಕ್ಷದ ಅರವತ್ತೆಂಟು ಸಾವಿರ ಪೌಂಡು.
ಆಕ್ಟರ್ಲೋನಿ ಮುದುಕ ಹೇಳಿದ್ದು ಎರಡು ಲಕ್ಷದ ಹತ್ತು.
ನಡುವಿನ ನಲವತ್ತೆರಡು ಸಾವಿರ ಎಲ್ಲಿಯದೆಂದರೆ
ಮುಂಬಾಗಿಲ ಗಾಜಿನ ಜಗಲಿಯತ್ತ ಬೆರಳು ಮಾಡಿದ:
ಒಡೆಯಲು ತಂದ ದೋಣಿಗಳ ಕಿಟಕಿ ಕಳಚಿ
ಹನ್ನೊಂದು ಬೇಸಿಗೆ ತಾನೇ ಕೂಡಿಸಿದ್ದು.
ಸರ್ವೇ ವರದಿಯಲ್ಲಿ ಅದಕ್ಕೆ ಒಂದೇ ಸಾಲು:
‘ಜಗಲಿ: ತೇವ. ಕೆಡವುವುದು ಒಳಿತು.’

ಹೆತ್ತವರಿಗೆ ಹೆಗ್ಗಣ ಮುದ್ದು.
ಇಪ್ಪತ್ತಾರು ವರ್ಷದಿಂದ ನಾನು ಮನೆ ಕೊಳ್ಳುವವರ ವಕೀಲೆ;
ಹೆಗ್ಗಣವನ್ನು ಹೆಗ್ಗಣವೆಂದು ಹೆತ್ತವರೆದುರು ಅನ್ನಬಾರದು
ಎಂದು ಕಲಿಯುವುದಕ್ಕೇ ಅದರಲ್ಲಿ ಹತ್ತು ಹೋದವು.
ಗಾಜು ಚೆನ್ನಾಗಿದೆ, ಎಂದೆ. ಸುಳ್ಳಲ್ಲ.
ಬೆಳಗಿನ ಸಮುದ್ರ ಅದರೊಳಗೆ
ಹದಿನಾಲ್ಕು ಚೂರಾಗಿ, ಹದಿನಾಲ್ಕೂ ಅಲುಗುತ್ತಿತ್ತು.

ನನ್ನ ಕಕ್ಷಿದಾರರು ಶೋನಾ, ಡೂಗಲ್.
ಅವಳು ದಾದಿ. ಅವನಿಗೆ ಮೀನು ಹೊಗೆಯಾಡಿಸುವ ಗೂಡಿನಲ್ಲಿ ಕೆಲಸ;
ಅವನು ಸಹಿ ಹಾಕಿದ ಕಾಗದಕ್ಕೂ ಆ ವಾಸನೆ.
ಆಗಲೇ ಎರಡು ಮನೆ ಸೋತವರು:
ಒಂದು, ಕಡಿಮೆ ಬರೆದು.
ಇನ್ನೊಂದು, ಹೆಚ್ಚು ಬರೆದೂ.

ಕಾಯಿರಿ, ಎಂದೆ.
ನಾಲ್ಕು ತಿಂಗಳು ಆ ಹೊಸಿಲು ಯಾರೂ ದಾಟಲಿಲ್ಲ.
ನವೆಂಬರಿನಲ್ಲಿ ಮುದುಕ ಬೆಲೆ ಇಳಿಸಿದ.
ಇಳಿಸಿದ್ದೇ ತಡ, ಬೆಲ್ಲ ಕಂಡ ಇರುವೆಗಳ ಹಾಗೆ ಐದು ಜನ.
ಇಲ್ಲಿಯ ಪದ್ಧತಿ ಹೀಗೆ: ಗೊತ್ತಾದ ದಿನ, ಗೊತ್ತಾದ ಗಂಟೆಯೊಳಗೆ
ಒಬ್ಬೊಬ್ಬರದೂ ಒಂದೇ ಅಂಕಿ, ಮುಚ್ಚಿದ ಲಕೋಟೆ.
ಪಕ್ಕದವನ ಲಕೋಟೆಯಲ್ಲಿ ಏನಿದೆಯೋ
ಪಕ್ಕದವನ ಹೆಂಡತಿಗೇ ಒಮ್ಮೊಮ್ಮೆ ಗೊತ್ತಿರುವುದಿಲ್ಲ.

ಗುರುವಾರ ಸಂಜೆ ಬಂದರು.
ಕಿಟಕಿಯಾಚೆ ಕಡಲಮಂಜು, ಎದುರಿನ ದೀಪದ ಕಂಬವೂ ಇಲ್ಲ.
‘ಎಷ್ಟು ಬರೆದರೆ ಗೆಲ್ಲುತ್ತೇವೆ?’
ನನಗೆ ಗೊತ್ತಿಲ್ಲ. ಕೇಳಿಕೊಳ್ಳಬೇಕಾದ್ದು ಬೇರೆ:
ಎಷ್ಟು ಬರೆದು ಸೋತರೆ ರಾತ್ರಿ ನಿದ್ದೆ ಬಂದೀತು?
ಎಷ್ಟು ಬರೆದು ಗೆದ್ದರೆ ನಿದ್ದೆ ಹೋದೀತು?
ಬ್ಯಾಂಕು ಸಾಲ ಕೊಡುವುದು ಸರ್ವೇಯರ ಬೆಲೆ ನೋಡಿ;
ಅದರಾಚೆಯ ಪ್ರತಿ ಪೌಂಡೂ ನಿಮ್ಮ ಜೇಬಿನದು.

ಡೂಗಲ್ ಎಪ್ಪತ್ತೆಂಟು ಅಂದ. ಶೋನಾ ಎಪ್ಪತ್ತೊಂದು ಅಂದಳು.
ನಾನು ಎದ್ದು ಚಹಾಕ್ಕೆ ನೀರಿಡಲು ಹೋದೆ.
ಗಂಡ ಹೆಂಡತಿ ಬೆಲೆ ಕಟ್ಟುವಾಗ
ವಕೀಲರು ನೀರು ಕಾಯಿಸುತ್ತಿರಬೇಕು.
ಬಂದಾಗ ಚೀಟಿಯ ಮೇಲಿತ್ತು, ಎರಡು ಸಲ ಹೊಡೆದುಹಾಕಿ, ಮೂರನೆಯದು:
ಒಂದು ಲಕ್ಷದ ಎಪ್ಪತ್ತನಾಲ್ಕು ಸಾವಿರದ ಹತ್ತೊಂಬತ್ತು.
ಹತ್ತೊಂಬತ್ತು ಯಾಕೆ?
ಮುಖ ಮುಖ ನೋಡಿಕೊಂಡು ನಕ್ಕರು. ಹೇಳಲಿಲ್ಲ.

ಶುಕ್ರವಾರ ಸೋತರು.
ಎಡಿನ್‌ಬರೋದ ದಂತವೈದ್ಯನೊಬ್ಬ, ರಜೆಯ ಮನೆಗೆಂದು,
ತೊಂಬತ್ತೊಂದು ಬರೆದಿದ್ದ.
ನಿದ್ದೆ ಬಂತೇ ಎಂದು ಶನಿವಾರ ಕೇಳಿದೆ.
‘ಅವನಿಗೆ ಬಂತು,’ ಎಂದಳು ಶೋನಾ.

ಹದಿಮೂರನೆಯ ದಿನ
ಸರ್ವೇ ವರದಿ ಓದಿ ದಂತವೈದ್ಯನ ಬ್ಯಾಂಕು ಕೈಯೆತ್ತಿತು.
ಮುದುಕನ ವಕೀಲನ ಫೋನು, ಅದರ ಹಿಂದೆ ಮುದುಕನ ಕೆಮ್ಮು.
‘ನಿಮ್ಮವರು ಎಂಬತ್ತೈದಕ್ಕೆ ಬಂದಾರೇ?’
ನಮ್ಮವರು ಬರೆದದ್ದು ಬರೆದಲ್ಲೇ ಇದೆ, ಎಂದೆ.
ಇಂಥ ಹೊತ್ತಿನಲ್ಲಿ ನಾಲಗೆ ಕಚ್ಚಿ ಹಿಡಿಯುವುದೇ ಕಸುಬು.
ಹಿಡಿದೆ.
ಗೋಡೆ ಗಡಿಯಾರ ಎಷ್ಟು ಹೊತ್ತು ನಡೆಯಿತೋ.
ಕೆಮ್ಮು ಹತ್ತಿರ ಬಂತು:
‘ಜಗಲಿ ಕೆಡವುತ್ತಾರಂತೋ, ಕೇಳು.’

ಗೊತ್ತಿಲ್ಲ. ಮನೆ ನೋಡಲು ಹೋದ ದಿನ
ಡೂಗಲ್ ಅಲ್ಲಿ ನಿಂತು, ಯಾವ ಕಿಟಕಿ ಯಾವ ದೋಣಿಯದೆಂದು
ತನ್ನೊಳಗೇ ಹೇಳಿಕೊಳ್ಳುತ್ತಿದ್ದುದು ಗೊತ್ತು.
ಆದರೆ ಅದು ಲಕೋಟೆಯಲ್ಲಿಲ್ಲ,
ಲಕೋಟೆಯಲ್ಲಿಲ್ಲದ್ದನ್ನು ನಾನು ಮಾರುವುದಿಲ್ಲ.
ಅಂಕಿ ಮಾತ್ರ ನನಗೆ ಗೊತ್ತು, ಎಂದೆ.

ಮತ್ತೆ ಕೆಮ್ಮು.
‘ಆ ಹತ್ತೊಂಬತ್ತು ಯಾಕಂತೆ?’
ಗೊತ್ತಿಲ್ಲ, ಎಂದೆ, ನನಗೂ ಹೇಳಿಲ್ಲ;
ಬಾಗಿಲು ತೆಗೆದ ದಿನ ನೀವೇ ಕೇಳಿ ನೋಡಿ.